ಸಿಗ್ನಲ್‌ನಲ್ಲಿ ನಿಂತರೆ ಮಾತ್ರ ಎಂಜಿನ್ ಹೀಟ್ ಆಗುತ್ತದೆ, ಹೈವೇಯಲ್ಲಿ ಏನೂ ಇಲ್ಲ. ಎಲ್ಲಿಂದ ನೋಡಬೇಕು?

ಸಿಲ್ಕ್‌ಬೋರ್ಡ್_ದಾರಿ

ನಮಸ್ಕಾರ. 2015ರ 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, 78,000 ಕಿ.ಮೀ. ಓಡಿದೆ. ದಿನಾ ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆ ಓಡಾಟ. ಎಸಿ ಹಾಕಿಕೊಂಡು ಟ್ರಾಫಿಕ್‌ನಲ್ಲಿ ಆರೇಳು ನಿಮಿಷ ನಿಂತರೆ ಟೆಂಪರೇಚರ್ ಮುಳ್ಳು ಅರ್ಧದಿಂದ ಮುಕ್ಕಾಲಿಗೆ ಏರುತ್ತದೆ. ಅಷ್ಟು ಹೊತ್ತಿಗೆ ಎಸಿಯಿಂದಲೂ ಬೆಚ್ಚಗಿನ ಗಾಳಿ. ಗಾಡಿ ಹೊರಟು ನಲವತ್ತರ ವೇಗ ಹಿಡಿದರೆ ಎರಡೇ ನಿಮಿಷದಲ್ಲಿ ಮುಳ್ಳು ತನ್ನ ಜಾಗಕ್ಕೆ ಬರುತ್ತದೆ. ತುಮಕೂರು ರಸ್ತೆಯಲ್ಲಿ ಎಸಿ ಹಾಕಿ ನೂರರಲ್ಲಿ ಹೋದರೂ ತೊಂದರೆ ಇಲ್ಲ. ಕಳೆದ ವಾರ ಒಮ್ಮೆ ಮುಳ್ಳು ಕೆಂಪು ಗೆರೆ ಮುಟ್ಟಿತು, ತಕ್ಷಣ ಪಕ್ಕಕ್ಕೆ ಹಾಕಿ ಆಫ್ ಮಾಡಿದೆ.

ಕೂಲೆಂಟ್ ಡಬ್ಬಿಯಲ್ಲಿ ಮಟ್ಟ ಎರಡು ಗೆರೆಗಳ ನಡುವೆ ಇದೆ, ಕೆಳಗೆ ಎಲ್ಲೂ ಸೋರಿಲ್ಲ. ಗ್ಯಾರೇಜಿನಲ್ಲಿ ಮೊದಲು ಥರ್ಮೋಸ್ಟಾಟ್ ವಾಲ್ವ್ (ಬಿಸಿಯಾದಾಗ ತೆರೆದು ಕೂಲೆಂಟನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ಕಿತ್ತು ನೋಡೋಣ, ಆಮೇಲೂ ಆಗದಿದ್ದರೆ ವಾಟರ್ ಪಂಪು, ರೇಡಿಯೇಟರ್ ಎರಡೂ ಹೊಸದು ಹಾಕೋಣ ಅಂದರು. ನನ್ನ ಹತ್ತಿರ ಮಲ್ಟಿಮೀಟರ್ ಇದೆ, ಒಬಿಡಿ ಬ್ಲೂಟೂತ್ ಡಾಂಗಲ್ (ಗಾಡಿಯ ಕಂಪ್ಯೂಟರಿನ ಅಂಕಿಗಳನ್ನು ಮೊಬೈಲಿನಲ್ಲಿ ತೋರಿಸುವ ಸಾಧನ) ಇದೆ. ಯಾವ ಕ್ರಮದಲ್ಲಿ ನೋಡಲಿ?

ಪಾನಾ_10_12

ಥರ್ಮೋಸ್ಟಾಟ್ ತೆಗೆಸಬೇಡಿ. ಪಂಪು, ರೇಡಿಯೇಟರ್ ಮಾತೂ ಸದ್ಯಕ್ಕೆ ಬೇಡ. ನೂರರ ವೇಗದಲ್ಲಿ ಎಂಜಿನ್ ಹುಟ್ಟಿಸುವ ಬಿಸಿ ಐಡ್ಲಿಂಗ್‌ಗಿಂತ (ನಿಂತಲ್ಲೇ ಎಂಜಿನ್ ಓಡುವುದಕ್ಕಿಂತ) ಎಷ್ಟೋ ಪಟ್ಟು ಹೆಚ್ಚು. ಅಷ್ಟೂ ಬಿಸಿಯನ್ನು ಪಂಪು ತಳ್ಳಿ, ಥರ್ಮೋಸ್ಟಾಟ್ ಬಿಟ್ಟುಕೊಟ್ಟು, ರೇಡಿಯೇಟರ್ ಹೊರಹಾಕುತ್ತಿದೆ. ಅಂದಮೇಲೆ ಆ ಮೂರೂ ಬಹುಮಟ್ಟಿಗೆ ಸರಿಯಾಗಿವೆ. ಓಡುವಾಗ ಇದ್ದು ನಿಂತಾಗ ಇಲ್ಲದ್ದು ಎದುರುಗಾಳಿ. ನಿಂತ ಗಾಡಿಗೆ ಆ ಗಾಳಿ ಕೊಡಬೇಕಾದ್ದು ರೇಡಿಯೇಟರ್ ಫ್ಯಾನು.

ಎಸಿ ಬೆಚ್ಚಗಾಗುವುದು ಎರಡನೇ ಸಾಕ್ಷಿ. ಎಸಿ ಗ್ಯಾಸನ್ನು ತಣ್ಣಗಾಗಿಸುವ ಕಂಡೆನ್ಸರ್ ಕೂತಿರುವುದು ರೇಡಿಯೇಟರ್ ಮುಂದೆಯೇ, ಎರಡಕ್ಕೂ ಅದೇ ಫ್ಯಾನು. ಗಾಳಿ ಸಾಲದಿದ್ದರೆ ಗ್ಯಾಸಿನ ಒತ್ತಡ ಏರಿ ಕಂಪ್ರೆಸರ್ ಕಟ್ ಆಗುತ್ತದೆ. ಎಂಜಿನ್ ಮತ್ತು ಎಸಿ ಒಟ್ಟಿಗೆ ದೂರು ಹೇಳಿದರೆ ಮೊದಲು ಗಾಳಿ ದಾರಿ ನೋಡಿ.

ಕ್ರಮ ಹೀಗಿರಲಿ. ಎಂಜಿನ್ ತಣ್ಣಗಿರುವಾಗ ಶುರು ಮಾಡಿ. ರಾತ್ರಿ ಇಡೀ ನಿಂತ ಗಾಡಿಯಲ್ಲಿ ಕೀ ಮಾತ್ರ ಆನ್ ಮಾಡಿ ಡಾಂಗಲ್‌ನಲ್ಲಿ ಕೂಲೆಂಟ್ ಉಷ್ಣತೆ ಮತ್ತು ಒಳಹೋಗುವ ಗಾಳಿಯ ಉಷ್ಣತೆ ಎರಡನ್ನೂ ಓದಿ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಹತ್ತು ಡಿಗ್ರಿ ವ್ಯತ್ಯಾಸ ಬಂದರೆ ಕೂಲೆಂಟ್ ಸೆನ್ಸರ್ ಸುಳ್ಳು ಹೇಳುತ್ತಿದೆ, ಫ್ಯಾನಿಗೆ ಆಜ್ಞೆ ಹೋಗುವುದೂ ತಡವಾಗಬಹುದು.

ಆಮೇಲೆ ಸ್ಟಾರ್ಟ್ ಮಾಡಿ ಎಸಿ ಪೂರ್ತಿ ತಣ್ಣಗೆ ಇಡಿ. ಕೆಲವೇ ಸೆಕೆಂಡಿನಲ್ಲಿ ಫ್ಯಾನು ನಿಧಾನ ವೇಗದಲ್ಲಾದರೂ ತಿರುಗಬೇಕು. ತಿರುಗಿದರೆ ಗ್ರಿಲ್‌ಗೆ ಒಂದು ಹಾಳೆ ದಿನಪತ್ರಿಕೆ ಹಿಡಿಯಿರಿ. ಕೈಬಿಟ್ಟರೂ ಅಂಟಿಕೊಂಡು ನಿಲ್ಲಬೇಕು. ಹಾರಿ ಆಚೆ ಬಂದರೆ ಫ್ಯಾನು ಉಲ್ಟಾ ತಿರುಗುತ್ತಿದೆ. ಮೋಟಾರ್ ಬದಲಿಸುವಾಗ ವೈರು ತಿರುವುಮುರುವಾದರೆ ಇದೇ ಆಗುವುದು, ಫ್ಯಾನು ಓಡುತ್ತದೆ ಅಂತ ನೋಡಿ ಎಲ್ಲರೂ ಸುಮ್ಮನಾಗಿಬಿಡುತ್ತಾರೆ.

ಈಗ ಎಸಿ ಆಫ್ ಮಾಡಿ ಐಡ್ಲಿಂಗ್‌ನಲ್ಲೇ ಬಿಟ್ಟು ಡಾಂಗಲ್ ನೋಡುತ್ತಿರಿ. ಸಾಮಾನ್ಯವಾಗಿ 95ರಿಂದ 100 ಡಿಗ್ರಿ ಒಳಗೆ ಮೊದಲ ವೇಗ, 102ರಿಂದ 106ರೊಳಗೆ ಎರಡನೇ ವೇಗ ಬರುತ್ತದೆ. ಸರಿಯಾದ ಅಂಕಿ ಮಾಡೆಲ್‌ಗೆ ತಕ್ಕ ಹಾಗೆ. 108 ದಾಟಿಯೂ ಫ್ಯಾನು ಬರದಿದ್ದರೆ ಅಲ್ಲಿಗೇ ನಿಲ್ಲಿಸಿ, ಪರೀಕ್ಷೆ ಮಾಡಲು ಹೋಗಿ ಎಂಜಿನ್ ಹೆಡ್ (ಸಿಲಿಂಡರುಗಳ ಮೇಲಿನ ಭಾಗ) ಕೆಡಿಸಿಕೊಳ್ಳಬೇಡಿ.

ಫ್ಯಾನು ಬರಲೇ ಇಲ್ಲ ಅಂದರೆ ಫ್ಯೂಸು (ಸಾಮಾನ್ಯವಾಗಿ 30 ಅಥವಾ 40 ಆಂಪಿಯರ್), ಆಮೇಲೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹರಿಸುವ ಸ್ವಿಚ್). ಫ್ಯೂಸ್ ಡಬ್ಬಿಯಲ್ಲಿ ಅದೇ ನಂಬರಿನ ಇನ್ನೊಂದು ರಿಲೇ ಇದ್ದರೆ ಅದಲುಬದಲು ಮಾಡಿ ನೋಡಿ. ಎಂಜಿನ್ ಓಡುವಾಗ ಕೂಲೆಂಟ್ ಸೆನ್ಸರ್ ಕಪ್ಲರ್ (ವೈರಿನ ಪ್ಲಗ್) ಕಳಚಿದರೆ ಬಹುತೇಕ ಗಾಡಿಗಳಲ್ಲಿ ಇಸಿಯು (ಎಂಜಿನ್ ಕಂಪ್ಯೂಟರ್) ಸುರಕ್ಷತೆಗಾಗಿ ಫ್ಯಾನು ಓಡಿಸುತ್ತದೆ. ಹಾಗೆ ಓಡಿದರೆ ಮೋಟಾರ್, ವೈರಿಂಗ್ ಸರಿ, ಸೆನ್ಸರ್ ಮೇಲೆ ಅನುಮಾನ. ಚೆಕ್ ಎಂಜಿನ್ ದೀಪ ಬರುತ್ತದೆ, ಡಾಂಗಲ್‌ನಿಂದಲೇ ಅಳಿಸಬಹುದು. ಕೊನೆಗೆ ಎಂಜಿನ್ ಆಫ್ ಮಾಡಿ ಮೋಟಾರ್ ಕಪ್ಲರ್ ಬಿಚ್ಚಿ, ನಡುವೆ 30 ಆಂಪಿಯರ್ ಫ್ಯೂಸ್ ಇಟ್ಟು ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಟ್ಟು ನೋಡಿ.

ಕೀ ತೆಗೆದಿದ್ದರೂ ಕೆಲವು ಗಾಡಿಗಳಲ್ಲಿ ಬಿಸಿಗೆ ಫ್ಯಾನು ತಾನಾಗಿ ಶುರುವಾಗುತ್ತದೆ. ರೆಕ್ಕೆಯ ಹತ್ತಿರ ಕೈ ಹಾಕುವಾಗ ಬ್ಯಾಟರಿ ನೆಗೆಟಿವ್ ಬಿಚ್ಚಿ. ಬಿಸಿ ಎಂಜಿನ್‌ನಲ್ಲಿ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ.

ಸಿಲ್ಕ್‌ಬೋರ್ಡ್_ದಾರಿ

ತುಂಬಾ ಥ್ಯಾಂಕ್ಸ್ ಸರ್. ಇವತ್ತು ಕೂತು ನೋಡಿದೆ.

ತಣ್ಣಗಿದ್ದಾಗ ಕೂಲೆಂಟ್ 24, ಗಾಳಿ 25. ಎಸಿ ಹಾಕಿದರೆ ಕಂಪ್ರೆಸರ್ ಟಕ್ ಅಂತ ಹಿಡಿಯುತ್ತದೆ, ಫ್ಯಾನು ಅಲುಗುವುದಿಲ್ಲ. ಎಸಿ ಆಫ್ ಮಾಡಿ ಬಿಟ್ಟರೆ 100 ದಾಟಿದರೂ ಫ್ಯಾನಿಲ್ಲ, 105ಕ್ಕೆ ಒಮ್ಮೆಲೇ ಜೋರು ಸದ್ದು ಮಾಡಿ ಪೂರ್ತಿ ವೇಗದಲ್ಲಿ ಬರುತ್ತದೆ. ಫ್ಯೂಸ್ ಸರಿ ಇದೆ. ರಿಲೇ ಬದಲಿಸಿದರೂ ಹಾಗೇ. ಬ್ಯಾಟರಿಯಿಂದ ನೇರ ಕೊಟ್ಟರೆ ಚೆನ್ನಾಗಿ ತಿರುಗುತ್ತದೆ. ಜೋರು ವೇಗದಲ್ಲಿದ್ದಾಗ ಎಸಿ ಹಾಕಿ ನೋಡಿದೆ: 106, 107ರಲ್ಲೇ ನಿಲ್ಲುತ್ತದೆ, ಇಳಿಯುವುದಿಲ್ಲ. ಪೇಪರ್ ಒಂದು ಮೂಲೆಯಲ್ಲಿ ಮಾತ್ರ ಅಂಟಿ ಜಾರಿ ಬೀಳುತ್ತದೆ.

ವೈರಿಂಗ್_ಹುಬ್ಬಳ್ಳಿ

ಭಾಳ ಚಲೋ ಟೆಸ್ಟ್ ಮಾಡೀರಿ ಸರ. ನಿಮ್ಮ ಗಾಡ್ಯಾಗ ಎರಡು ತೊಂದರಿ ಅದಾವ, ಒಂದ ಅಲ್ಲ.

ಮೊದಲನೇದು ಸ್ಲೋ ಸ್ಪೀಡ್ ಸತ್ತದ. ಇಂಥ ಗಾಡಿಗೆ ಫ್ಯಾನ್ ಎರಡು ಸ್ಪೀಡ್ ಇರ್ತದ. ಜೋರು ಸ್ಪೀಡಿಗೆ ಬ್ಯಾಟರಿ ಕರೆಂಟ್ ರಿಲೇ ದಾಟಿ ಸೀದಾ ಮೋಟಾರಿಗೆ ಹೋಗ್ತದ. ಸ್ಲೋ ಸ್ಪೀಡಿಗೆ ನಡುವ ಒಂದು ರೆಸಿಸ್ಟರ್ ಇಟ್ಟಿರ್ತಾರ. ಅದು ಸುಟ್ಟರ ಎಸಿ ಹಾಕಿದಾಗ ಫ್ಯಾನ್ ಬರಂಗಿಲ್ಲ, 105ಕ್ಕ ಜೋರು ಸ್ಪೀಡ್ ಮಾತ್ರ ಬರ್ತದ. ನೀವು ಬರದದ್ದು ಹಂಗೇ ಅದ.

ರೆಸಿಸ್ಟರ್ ಸಾಮಾನ್ಯವಾಗಿ ಫ್ಯಾನಿನ ಪ್ಲಾಸ್ಟಿಕ್ ಕವಚದ ಮ್ಯಾಲೆ, ಗಾಳಿ ಬಡಿಯೋ ಜಾಗದಾಗ ಕೂತಿರ್ತದ. ಎರಡು ಸ್ಕ್ರೂ, ಒಂದು ಕಪ್ಲರ್. ಕಪ್ಲರ್ ಬಿಚ್ಚಿ ಓಮ್ ನೋಡ್ರಿ. ಸರಿ ಇದ್ದದ್ದು ಒಂದು ಓಮ್‌ಗಿಂತ ಕಡಿಮಿ ತೋರಿಸ್ತದ. ಮೀಟರಿನ ವೈರೇ 0.2, 0.3 ಓಮ್ ತೋರಿಸ್ತಾವ, ಎರಡೂ ತುದಿ ಕೂಡಿಸಿ ಅಷ್ಟು ಕಳೀರಿ. ಏನೂ ತೋರಿಸಲಿಲ್ಲ ಅಂದ್ರ ಒಳಗ ಕಡದದ. ಕಪ್ಲರ್ ಬಿಚ್ಚಿದಾಗ ಪಿನ್ನು ನೋಡ್ರಿ: ಹೊಳೆಯೋ ಪಿನ್ನಿನ ಪಕ್ಕದ ಪಿನ್ನು ಕಂದು ಆಗಿ, ಸುತ್ತಿನ ಪ್ಲಾಸ್ಟಿಕ್ ಮೇಣದಂಗ ಕರಗಿ ಒಂದು ಕಡೆ ವಾಲಿದ್ರ ರೆಸಿಸ್ಟರ್ ಒಂದ ಬದಲಿಸಿ ಉಪಯೋಗಿಲ್ಲ. ಆ ಕಪ್ಲರ್ ಕತ್ತರಿಸಿ, ವೈರಿನ ತಾಮ್ರ ಕೆಂಪಗ ಹೊಳೆಯೋ ತನಕ ಹಿಂದಕ್ಕ ಸುಲದು, ಅದೇ ದಪ್ಪದ ವೈರು ಕ್ರಿಂಪ್ ಮಾಡಿ ಹೊಸ ಕಪ್ಲರ್ ಹಾಕ್ರಿ. ಕರಿ ಬಿದ್ದ ತಾಮ್ರಕ್ಕ ಬೆಸುಗಿ ಹಿಡಿಯಂಗಿಲ್ಲ.

ರೆಸಿಸ್ಟರ್ ಯಾಕ ಸುಟ್ಟಿತು ಅನ್ನೋದನ್ನೂ ನೋಡ್ರಿ. ಭಾಳ ಸಲ ಮೋಟಾರ್ ಬುಷ್ ಸವದು ಬಿಗಿ ಆಗಿ ಹೆಚ್ಚು ಕರೆಂಟ್ ಎಳೀತದ. ಡಿಸಿ ಕ್ಲಾಂಪ್ ಮೀಟರ್ ಸಿಕ್ಕರ ಜೋರು ಸ್ಪೀಡಿನ್ಯಾಗ ಅಳೀರಿ. ಸಣ್ಣ ಕಾರಿನ ಫ್ಯಾನು ಸಾಮಾನ್ಯವಾಗಿ 10ರಿಂದ 15 ಆಂಪಿಯರ್ ಎಳೀತದ. 20 ದಾಟಿದ್ರ ಮೋಟಾರೂ ಮುಗಿಯೋ ಹಂತದಾಗ ಅದ. ಬ್ಯಾಟರಿ ಬಿಚ್ಚಿ ರೆಕ್ಕಿ ಕೈಲೆ ತಿರುಗಿಸಿದ್ರ ಸಲೀಸಾಗಿ ತಿರುಗಬೇಕು, ಅತ್ತಿತ್ತ ಅಲ್ಲಾಡಬಾರದು.

ಫ್ಯಾನ್ ಓಡುವಾಗ ವೋಲ್ಟೇಜ್ ಡ್ರಾಪ್ ಒಮ್ಮೆ ನೋಡ್ರಿ. ಮೀಟರಿನ ಒಂದು ತುದಿ ಬ್ಯಾಟರಿ ಪಾಸಿಟಿವ್‌ಗೆ, ಇನ್ನೊಂದು ಮೋಟಾರಿನ ಪಾಸಿಟಿವ್ ಪಿನ್ನಿಗೆ: ಅರ್ಧ ವೋಲ್ಟ್‌ಗಿಂತ ಕಡಿಮಿ ಇರಬೇಕು. ಅರ್ಥ್ ಕಡೆ 0.2ರ ಒಳಗ. ಹೆಚ್ಚು ಬಂದ್ರ ಆ ದಾರ್ಯಾಗ ಎಲ್ಲೋ ತುಕ್ಕು ಹಿಡದದ, ಫ್ಯಾನ್ ಓಡಿದ್ರೂ ಪೂರ್ತಿ ಜೋರು ಬರಂಗಿಲ್ಲ.

ಕೈ ಮುಗದು ಕೇಳ್ತೀನ್ರಿ, ಯಾರರೆ ‘ಫ್ಯಾನ್ ಡೈರೆಕ್ಟ್ ಮಾಡಿಬಿಡೋಣ’ ಅಂದ್ರ ಒಪ್ಪಬ್ಯಾಡ್ರಿ. ಇಗ್ನಿಷನ್ ವೈರಿಗೆ ಸೀದಾ ಕಟ್ಟಿದ್ರ ಅಷ್ಟು ಕರೆಂಟ್ ಆ ವೈರು ತಡಿಯಂಗಿಲ್ಲ, ಸ್ವಿಚ್ ಸುಡ್ತದ, ಬೆಂಕಿ ಹತ್ತೋ ಅಪಾಯ ಅದ. ಅಸಲಿ ರೆಸಿಸ್ಟರ್ ಪಾರ್ಟ್ ನಂಬರ್ ಹಿಡಕೊಂಡು ಹೋದ್ರ ಬೆಂಗಳೂರಿನ ಜೆ.ಸಿ. ರಸ್ತ್ಯಾಗ, ಗಾಡಿ ಬಿಡಿಭಾಗದ ಅಂಗಡ್ಯಾಗ ಹುಡುಕಬಹುದು. ಕೆಲವು ಮಾಡೆಲ್‌ಗೆ ಅದು ಕವಚದ ಜೋಡಿನೇ ಬರ್ತದ.

ಪಾನಾ_10_12

ಹುಬ್ಬಳ್ಳಿ ಸರ್ ಹೇಳಿದ್ದು ಸರಿ. ಎರಡನೇ ತೊಂದರೆ ನಾನು ಹೇಳುತ್ತೇನೆ. ಜೋರು ವೇಗದಲ್ಲಿ ಫ್ಯಾನು ಓಡುತ್ತಿದ್ದರೂ 107ರಿಂದ ಇಳಿಯದಿರುವುದು, ಪೇಪರ್ ಒಂದೇ ಮೂಲೆಯಲ್ಲಿ ಅಂಟುವುದು ಎರಡನ್ನೂ ಸೇರಿಸಿದರೆ ಗಾಳಿ ಹೋಗುವ ದಾರಿಯೇ ಕಟ್ಟಿದೆ. ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಒಂದೆರಡು ಬೆರಳಿನ ಸಂದು. ಮುಂದಿನಿಂದ ನೋಡಿದರೆ ಕಂಡೆನ್ಸರ್ ಸ್ವಚ್ಛವಾಗೇ ಕಾಣುತ್ತದೆ. ಆ ಸಂದಿನಲ್ಲಿ ಮಳೆಗಾಲದ ಕೆಸರು, ಹುಳು, ಬೂರುಗದ ಹತ್ತಿ, ಕೂದಲು ಎಲ್ಲ ಸೇರಿ ಕಂಬಳಿಯ ಹಾಗೆ ಹಾಸಿಕೊಂಡಿರುತ್ತದೆ. ಹೈವೇಯಲ್ಲಿ ಎದುರುಗಾಳಿ ಅದನ್ನೂ ತೂರಿಕೊಂಡು ಹೋಗುತ್ತದೆ, ಫ್ಯಾನಿಗೆ ಅಷ್ಟು ಬಲ ಇಲ್ಲ.

ರೆಸಿಸ್ಟರ್‌ಗಾಗಿ ಹೇಗೂ ಕವಚ ಬಿಚ್ಚುತ್ತೀರಿ, ಆಗಲೇ ಮಾಡಿ. ಕವಚಕ್ಕೆ ಸಾಮಾನ್ಯವಾಗಿ ಹತ್ತರ ಪಾನದ ಎರಡರಿಂದ ನಾಲ್ಕು ಬೋಲ್ಟು. ಫ್ಯಾನು ಸಮೇತ ಮೇಲೆತ್ತಿ. ಮೇಲಿನ ಬ್ರಾಕೆಟ್ ಬಿಚ್ಚಿದರೆ ಬಹುತೇಕ ಸಣ್ಣ ಕಾರುಗಳಲ್ಲಿ ರೇಡಿಯೇಟರನ್ನು ಎಂಜಿನ್ ಕಡೆ ಸ್ವಲ್ಪ ವಾಲಿಸಬಹುದು. ಎಸಿ ಪೈಪು ಬಿಚ್ಚುವ ಅಗತ್ಯವಿಲ್ಲ. ದೊಡ್ಡ ಕಸ ಮೆತ್ತನೆಯ ಬ್ರಷ್‌ನಿಂದ ಎಳೆದು ತೆಗೆಯಿರಿ, ಆಮೇಲೆ ಶಾಂಪೂ ನೀರು ಸಿಂಪಡಿಸಿ ಹತ್ತು ನಿಮಿಷ ನೆನೆಸಿ, ಮನೆಯ ಪೈಪಿನ ನೀರು ಎಂಜಿನ್ ಕಡೆಯಿಂದ ಮುಂದಕ್ಕೆ ಬಿಡಿ. ಗಾಳಿ ಬಂದ ದಾರಿಗೆ ಉಲ್ಟಾ. ಮುಂದಿನಿಂದ ಹೊಡೆದರೆ ಕಸ ಇನ್ನೂ ಒಳಗೆ ಕೂರುತ್ತದೆ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಬೇಡವೇ ಬೇಡ, ಅಲ್ಯೂಮಿನಿಯಂ ಫಿನ್ನುಗಳು ಮಡಚಿ ಗೋಡೆ ಆಗಿಬಿಡುತ್ತವೆ. ಆಸಿಡ್, ಕಾಸ್ಟಿಕ್ ಸೋಡಾ ಕೂಡ ಬೇಡ.

ಜೋಡಿಸುವಾಗ ರೇಡಿಯೇಟರ್ ಅಂಚಿನ ಸ್ಪಂಜು ಪಟ್ಟಿ ನೋಡಿ. ಗುದ್ದಿದ ಗಾಡಿ ರಿಪೇರಿ ಆದಮೇಲೆ ಇದು ಮಾಯವಾಗಿರುವುದು ಹೆಚ್ಚು. ಪಟ್ಟಿ ಇಲ್ಲದಿದ್ದರೆ ಫ್ಯಾನು ಹಿಂದಕ್ಕೆ ತಳ್ಳಿದ ಬಿಸಿ ಗಾಳಿ ಪಕ್ಕದಿಂದ ಸುತ್ತಿ ಮತ್ತೆ ಮುಂದಕ್ಕೆ ಬಂದು ಅದೇ ಗಾಳಿ ತಿರುಗುತ್ತಿರುತ್ತದೆ. ನಿಂತಾಗ ಮಾತ್ರ ಹೀಗಾಗುವುದು. ಗ್ರಿಲ್ ಹಿಂದೆ ಎಕ್ಸ್‌ಟ್ರಾ ಹಾರ್ನ್, ಸೊಳ್ಳೆಪರದೆಯಂಥ ಜಾಲರಿ ಇದ್ದರೆ ತೆಗೆಯಿರಿ.

ಕೂಲೆಂಟ್_ಮೈಸೂರು

ಗಾಳಿ ವಿಷಯ ಇಬ್ಬರೂ ಚೆನ್ನಾಗಿ ಹೇಳಿದ್ದಾರೆ. ಒಮ್ಮೆ ಮುಳ್ಳು ಕೆಂಪು ಮುಟ್ಟಿದೆ ಅಂದಿರಲ್ಲ, ಅದಕ್ಕಾಗಿ ನೀರಿನ ಕಡೆಯೂ ನೋಡಿಬಿಡಿ.

ಮೊದಲು ಮುಚ್ಚಳ. ಡಬ್ಬಿಯಲ್ಲಿ ಕೂಲೆಂಟ್ ಇದೆ ಅಂದಮಾತ್ರಕ್ಕೆ ರೇಡಿಯೇಟರ್ ತುಂಬಿದೆ ಅಂತಲ್ಲ. ಬೆಳಿಗ್ಗೆ ತಣ್ಣಗಿರುವಾಗ ಮುಚ್ಚಳ ತೆಗೆದು ನೋಡಿ, ಕತ್ತಿನವರೆಗೆ ಇರಬೇಕು. ಇಲ್ಲದಿದ್ದರೆ ಮುಚ್ಚಳದ ಒಳಗಿನ ಸಣ್ಣ ವ್ಯಾಕ್ಯೂಮ್ ವಾಲ್ವ್ ಅಂಟಿಕೊಂಡು ಡಬ್ಬಿಯಿಂದ ವಾಪಸ್ ಎಳೆಯುತ್ತಿಲ್ಲ. ರಬ್ಬರ್ ಗಟ್ಟಿಯಾಗಿದ್ದರೂ, ಸೀಳಿದ್ದರೂ ಮುಚ್ಚಳ ಬದಲಿಸಿ, ಮೇಲೆ ಬರೆದಿರುವ ಒತ್ತಡವೇ ಇರಲಿ, ಸಾಮಾನ್ಯವಾಗಿ 0.9 ಅಥವಾ 1.1 ಬಾರ್. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ, ತೆರೆದ ಪಾತ್ರೆಯಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. 1.1 ಬಾರ್ ಹಿಡಿಯುವ ಮುಚ್ಚಳ ಇದ್ದರೆ ಅದೇ ನೀರು ಸುಮಾರು 120ರವರೆಗೆ ತಡೆಯುತ್ತದೆ. ಅಂದರೆ ಮುಚ್ಚಳ ಸತ್ತು ಒಳಗೆ ಬರೀ ನೀರಿದ್ದರೆ ಫ್ಯಾನು ಬರುವ ಹೊತ್ತಿಗೇ ಕುದಿ ಶುರು. ಇಷ್ಟು ಅಗ್ಗದ ಭಾಗವನ್ನು ಯಾರೂ ನೋಡುವುದೇ ಇಲ್ಲ ಅನ್ನುವುದು ನನಗೆ ನಿಜವಾಗಿ ಬೇಸರ.

ಬೋರ್‌ವೆಲ್ ನೀರು ಹಾಕಿದ್ದರೆ ಟ್ಯೂಬಿನೊಳಗೆ ಸುಣ್ಣ ಕಟ್ಟುತ್ತದೆ. ನಿಮ್ಮ ಗಾತ್ರದ ಗಾಡಿಗೆ ಒಟ್ಟು 4ರಿಂದ 5 ಲೀಟರ್ ಹಿಡಿಯುತ್ತದೆ. ಅರ್ಧ ಕೂಲೆಂಟ್ ಕಾನ್ಸಂಟ್ರೇಟ್, ಅರ್ಧ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು. ಫ್ಲಶ್ ಮಾಡಿದ ಮೇಲೆ ಬ್ಲಾಕಿನೊಳಗೆ ಒಂದಷ್ಟು ನೀರು ಉಳಿದೇ ಇರುತ್ತದೆ, ಆದ್ದರಿಂದ ಮೊದಲು ಕಾನ್ಸಂಟ್ರೇಟನ್ನು ಒಟ್ಟು ಅಳತೆಯ ಅರ್ಧದಷ್ಟು ಸುರಿದು, ಉಳಿದದ್ದಕ್ಕೆ ನೀರು ತುಂಬಿ. ಕಲಸಿ ತುಂಬಿದರೆ ತೆಳುವಾಗಿಬಿಡುತ್ತದೆ. ಬಣ್ಣ ನೋಡಿ ಕೂಲೆಂಟ್ ಬೆರೆಸಬೇಡಿ. ಒಂದೊಂದು ಕಂಪನಿ ಒಂದೊಂದು ಬಣ್ಣ ಹಾಕುತ್ತದೆ, ಒಳಗಿನ ರಸಾಯನ ಬೇರೆಯಿದ್ದರೆ ಲೋಳೆ ಕಟ್ಟಬಹುದು. ತೆಗೆದ ಕೂಲೆಂಟ್ ಚರಂಡಿಗೆ, ಅಂಗಳಕ್ಕೆ ಚೆಲ್ಲಬೇಡಿ. ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ.

ಏರ್ ಲಾಕ್ (ಕೂಲೆಂಟ್ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿ) ತೆಗೆಯಲು ಗಾಡಿಯ ಮೂತಿ ಏರಿಗೆ ಬರುವಂತೆ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗೆ ಇಡಿ, ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ. ತಣ್ಣಗಿದ್ದಾಗಲೇ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ, ಮೇಲಿನ ಹೋಸ್ ಪೈಪನ್ನು ಆಗಾಗ ಹಿಂಡಿ, ಮಟ್ಟ ಇಳಿದ ಹಾಗೆ ತುಂಬಿ. ಗುಳ್ಳೆ ನಿಂತು ಪೈಪು ಬೆಚ್ಚಗಾಗುತ್ತಿದ್ದಂತೆ, ಪೂರ್ತಿ ಬಿಸಿಯಾಗುವ ಮೊದಲೇ ಮುಚ್ಚಿ. ಆಮೇಲೆ ಫ್ಯಾನು ಎರಡು ಸಲ ಬಂದು ಹೋಗುವವರೆಗೆ ಓಡಿಸಿ, ಮರುದಿನ ಬೆಳಿಗ್ಗೆ ಮತ್ತೆ ಮಟ್ಟ ನೋಡಿ.

ಅದೇ ಹೊತ್ತಿನಲ್ಲಿ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಎಂಜಿನ್ ಬ್ಲಾಕ್ ನಡುವಿನ ಸೀಲು) ಹೋಗಿದೆಯೇ ಎಂಬ ಸುಳಿವೂ ಸಿಗುತ್ತದೆ. ಗಾಳಿ ಎಲ್ಲ ಹೋದ ಮೇಲೂ ಕತ್ತಿನಲ್ಲಿ ಸೋಡಾ ಥರ ಗುಳ್ಳೆ ನಿಲ್ಲದೆ ಬಂದರೆ, ತಣ್ಣನೆಯ ಎಂಜಿನ್ ಸ್ಟಾರ್ಟ್ ಆದ ಒಂದೆರಡು ನಿಮಿಷಕ್ಕೇ ಮೇಲಿನ ಪೈಪು ಕಲ್ಲಿನಂತಾದರೆ, ಸೋರದೆ ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಬ್ಲಾಕ್ ಟೆಸ್ಟ್ (ಕೂಲೆಂಟ್ ಮೇಲಿನ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಎಳೆಯುವ ಪರೀಕ್ಷೆ) ಮಾಡಿಸಿ. ನೀಲಿ ದ್ರಾವಣ ಹಳದಿಗೆ ತಿರುಗಿದರೆ ಸಿಲಿಂಡರಿನ ಗ್ಯಾಸು ಕೂಲೆಂಟಿಗೆ ಬರುತ್ತಿದೆ. ಆಯಿಲ್ ಮುಚ್ಚಳದ ಕೆಳಗೆ ಸ್ವಲ್ಪ ಹಾಲಿನಂಥ ಪಸೆ ಕಂಡಕೂಡಲೇ ಹೆದರಬೇಡಿ, ಬರೀ ಹತ್ತಿರದ ಓಡಾಟ ಇದ್ದರೆ ತೇವದಿಂದಲೂ ಆಗುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಕಂಡರೆ ಗಂಭೀರ.

ಪಂಪಿನ ಬಗ್ಗೆ ಒಂದು ಮಾತು. ರೆಕ್ಕೆ ಸವೆದ ಪಂಪು ಐಡ್ಲಿಂಗ್‌ನ 750, 800 ಆರ್‌ಪಿಎಂನಲ್ಲಿ ನೀರು ತಳ್ಳದೆ, ವೇಗದಲ್ಲಿ ಮಾತ್ರ ತಳ್ಳುವುದುಂಟು. ಎಂಜಿನ್ ಬಿಸಿಯಾಗಿ ಹೀಟರ್ ಹಾಕಿದಾಗ ಐಡ್ಲಿಂಗ್‌ನಲ್ಲಿ ತಣ್ಣನೆಯ ಗಾಳಿ, 2000ಕ್ಕೆ ಏರಿಸಿದರೆ ಬಿಸಿ ಗಾಳಿ ಬಂದರೆ ಪಂಪು ಅಥವಾ ಏರ್ ಲಾಕ್. ಎರಡೂ ಹೊತ್ತು ಬಿಸಿಯೇ ಬಂದರೆ ಪಂಪು ಬಿಟ್ಟುಬಿಡಿ.

ಥರ್ಮೋಸ್ಟಾಟ್ ಅನುಮಾನ ಇದ್ದರೆ ಬಿಚ್ಚಿ ಪಾತ್ರೆ ನೀರಿನಲ್ಲಿ ದಾರಕ್ಕೆ ತೂಗಿಬಿಟ್ಟು ಕಾಯಿಸಿ. ಮೇಲೆ 82 ಅಂತ ಅಚ್ಚಾಗಿದ್ದರೆ ಸುಮಾರು ಆ ಉಷ್ಣತೆಗೆ ಬಾಯಿ ಬಿಡಬೇಕು, 95ರ ಹೊತ್ತಿಗೆ ಪೂರ್ತಿ, ಸುಮಾರು 8 ಮಿ.ಮೀ. ತೆರೆಯಬೇಕು. ಕಿತ್ತುಹಾಕಿ ಹಾಗೇ ಓಡಿಸಿದರೆ ಎಂಜಿನ್ ಬಿಸಿಯಾಗದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಬೈಪಾಸ್ ದಾರಿ ಮುಚ್ಚುವುದೂ ಅದೇ ವಾಲ್ವ್. ಅದಿಲ್ಲದಿದ್ದರೆ ಬಿಸಿ ನೀರು ರೇಡಿಯೇಟರ್‌ಗೇ ಹೋಗದೆ ಸುತ್ತುತ್ತದೆ, ಹೀಟು ಇನ್ನೂ ಜಾಸ್ತಿ.

ಸಿಲ್ಕ್‌ಬೋರ್ಡ್_ದಾರಿ

ರೆಸಿಸ್ಟರ್ ಪೂರ್ತಿ ಕಡಿದಿತ್ತು, ಒಂದು ಪಿನ್ನು ಕಂದು. ಕಪ್ಲರ್ ಸಮೇತ ಬದಲಿಸಿದೆ. ಕರೆಂಟ್ 12 ಆಂಪಿಯರ್, ಮೋಟಾರ್ ಉಳಿಯಿತು. ಸಂದಿನಿಂದ ಎರಡು ಮುಷ್ಟಿ ಕಸ ಬಂತು. ಮುಚ್ಚಳದ ರಬ್ಬರೂ ಸೀಳಿತ್ತು, ಬದಲಿಸಿದೆ. ಹೀಟರ್ ಎರಡೂ ಹೊತ್ತು ಬಿಸಿ, ಗುಳ್ಳೆ ಇಲ್ಲ. ಈಗ ಎಸಿ ಹಾಕಿ ಇಪ್ಪತ್ತು ನಿಮಿಷ ನಿಲ್ಲಿಸಿದರೂ 93ರಿಂದ 97ರ ಒಳಗೇ ಇದೆ, ಪೇಪರ್ ಗಟ್ಟಿಯಾಗಿ ಅಂಟುತ್ತದೆ. ಮೂವರಿಗೂ ಋಣಿ.

ಸಕಲೇಶಪುರ_ಜೀಪ್

ಇಲ್ಲೇ ಕೇಳುತ್ತೇನೆ. ಡೀಸೆಲ್ ಜೀಪು, ಫ್ಯಾನು ಬೆಲ್ಟಿಗೇ ಇದೆ, ಎಲೆಕ್ಟ್ರಿಕ್ ಇಲ್ಲ. ಘಾಟಿ ಹತ್ತಿ ಮೇಲೆ ನಿಲ್ಲಿಸಿದರೆ ಹೀಟ್ ಏರುತ್ತದೆ. ಇದಕ್ಕೆ ಹೇಗೆ ನೋಡುವುದು?

ಪಾನಾ_10_12

ಬೆಲ್ಟಿನ ಬಿಗಿ, ರೇಡಿಯೇಟರ್ ಕಸ ನೋಡಿದ ಮೇಲೆ ಫ್ಯಾನಿನ ನಡುವಿನ ವಿಸ್ಕಸ್ ಕ್ಲಚ್ ನೋಡಿ. ಅದರೊಳಗೆ ಸಿಲಿಕೋನ್ ಎಣ್ಣೆ ಇರುತ್ತದೆ. ರೇಡಿಯೇಟರ್ ದಾಟಿ ಬಂದ ಬಿಸಿ ಗಾಳಿಗೆ ಮುಂದಿನ ಸುರುಳಿ ಪಟ್ಟಿ ತಿರುಗಿ ಎಣ್ಣೆಗೆ ದಾರಿ ಬಿಡುತ್ತದೆ, ಆಗ ಫ್ಯಾನು ಪುಲ್ಲಿಯ ಜೊತೆ ಹಿಡಿದುಕೊಂಡು ಓಡುತ್ತದೆ. ಎಣ್ಣೆ ಸೋರಿದ್ದರೆ ಐಡ್ಲಿಂಗ್‌ನಲ್ಲಿ ಫ್ಯಾನು ಜಾರುತ್ತದೆ.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು ರೆಕ್ಕೆಯನ್ನು ಕೈಯಿಂದ ತಳ್ಳಿ. ಬಿಗಿಯಾಗಿ ಬಂದು ಒಂದು ಸುತ್ತಿನೊಳಗೆ ನಿಲ್ಲಬೇಕು. ಮೂರ್ನಾಲ್ಕು ಸುತ್ತು ಸಲೀಸಾಗಿ ತಿರುಗಿದರೆ ಕ್ಲಚ್ ಹೋಗಿದೆ. ಮುಖದ ಮೇಲೆ ನಡುವಿನಿಂದ ಅಂಚಿಗೆ ಎಣ್ಣೆ ಎಳೆದ ಗೆರೆಗಳು, ಅದಕ್ಕೆ ಅಂಟಿದ ಧೂಳು ಕಂಡರೂ ಅಷ್ಟೇ. ರೆಕ್ಕೆಯ ತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ, ಆಟ ಇದ್ದರೆ ಬೇರಿಂಗ್ ಸವೆದಿದೆ, ತಡ ಮಾಡಬೇಡಿ, ಫ್ಯಾನು ರೇಡಿಯೇಟರ್‌ಗೇ ಬಡಿಯುತ್ತದೆ.

ಘಾಟಿ ಹತ್ತಿದ ಕೂಡಲೇ ಕೀ ತಿರುಗಿಸಿ ಆಫ್ ಮಾಡಬೇಡಿ. ಕೂಲೆಂಟ್ ಸೋರದೆ, ಮುಳ್ಳು ಕೆಂಪಿನ ಕೆಳಗಿದ್ದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ಬ್ಲೋವರ್ ಜೋರಿಗೆ ಇಟ್ಟು, ಗೇರ್ ನ್ಯೂಟ್ರಲ್‌ನಲ್ಲಿ 1200, 1500 ಆರ್‌ಪಿಎಂ ಹಿಡಿದು ಎರಡು ಮೂರು ನಿಮಿಷ ಓಡಿಸಿ. ಕೆಂಪಿಗೆ ಹೋಗಿದ್ದರೆ ಅಥವಾ ಹಬೆ ಬರುತ್ತಿದ್ದರೆ ಮಾತ್ರ ತಕ್ಷಣ ಆಫ್. ಕಡಿಮೆಯೆಂದರೆ ಮುಕ್ಕಾಲು ಗಂಟೆ ಬಿಟ್ಟು ಮುಚ್ಚಳ ತೆಗೆಯಿರಿ. ಕಾದ ಹೆಡ್ಡಿಗೆ ಹಳ್ಳದ ತಣ್ಣೀರು ಸುರಿದರೆ ಹೆಡ್ ಸೀಳುತ್ತದೆ.

ಹೊಸ ಕ್ಲಚ್ ತಂದರೆ ಜೋಡಿಸುವವರೆಗೆ ಗಾಡಿಯಲ್ಲಿ ಕೂರುವ ಹಾಗೆಯೇ ನೆಟ್ಟಗೆ ನಿಲ್ಲಿಸಿ ಇಡಿ. ಮಲಗಿಸಿ ಇಟ್ಟರೆ ಎಣ್ಣೆ ಜಾಗ ಬಿಟ್ಟು ಸೀಲಿನ ಕಡೆ ಸೋರುತ್ತದೆ.